ನೆರೆಮನೆಯ ಖಾಲಿ ಪಾತ್ರೆಗಳು

ಭಾನುವಾರದ ಆರಾಧನೆಯ ಸಂದೇಶ
ವಾಕ್ಯಭಾಗ: 2 ಅರಸುಗಳು 4:1-7

ಹಿಂದೆ ನಿಂತಿರೋ ತಮ್ಮಂದಿರು ಮುಂದೆ ಬನ್ನಿ, ಇಲ್ಲಿ ಚೇರ್ ಖಾಲಿ ಇದೆ. ಮಕ್ಕಳು ಸಂಡೇ ಸ್ಕೂಲಿಗೆ ಹೋಗಿದ್ದಾರಾ? ಸರಿ. ಇವತ್ತು ಮಾತಾಡೋದು ಅವರ ಬಗ್ಗೆನೇ, ಆದ್ರೆ ಕೇಳಿಸಿಕೊಳ್ಳಬೇಕಾದವರು ನಾವು.

ಇವತ್ತಿನ ಸಂದೇಶವನ್ನು ಒಂದು ತಪ್ಪೊಪ್ಪಿಗೆಯಿಂದ ಶುರು ಮಾಡ್ತೀನಿ. ಆ ತಾಯಿಯನ್ನು ಕೇಳಿ, ಅವರು ಹೇಳಿ ಅಂದ ಮೇಲೆ ಹೇಳ್ತಿದ್ದೀನಿ. ಹೆಸರು ಹೇಳಲ್ಲ. ಗೊತ್ತಿರೋರು ದಯವಿಟ್ಟು ತಿರುಗಿ ನೋಡಬೇಡಿ.

ಎರಡು ವರ್ಷದ ಹಿಂದೆ ನಮ್ಮ ಸಭೆಯ ಒಬ್ಬ ಸಹೋದರರು ಐಸಿಯುನಲ್ಲಿದ್ದರು. ಇಪ್ಪತ್ತೊಂದು ದಿನ ಉಪವಾಸ ಪ್ರಾರ್ಥನೆ ಇಟ್ಟಿದ್ವಿ, ನಿಮಗೆ ನೆನಪಿರಬಹುದು. ದಿನಾ ರಾತ್ರಿ ಇಲ್ಲೇ ಸೇರ್ತಿದ್ವಿ. ಅವರಿಗೆ ಇಬ್ಬರು ಮಕ್ಕಳು. ಮಗಳಿಗೆ ಹದಿನಾಲ್ಕು, ಮಗನಿಗೆ ಒಂಬತ್ತು. ಹತ್ತೊಂಬತ್ತನೇ ದಿನ ಆ ಸಹೋದರರು ತೀರಿಕೊಂಡರು. ಮಣ್ಣು ಮಾಡಿದ್ವಿ, ಹಾಡಿದ್ವಿ, ಮೂರನೇ ದಿನದ ಪ್ರಾರ್ಥನೆ ಮಾಡಿದ್ವಿ. ಊಟ ಆಯ್ತು. ಎಲ್ಲರೂ ಮನೆಗೆ ಹೋದ್ವಿ.

ಸುಮಾರು ಒಂದೂವರೆ ತಿಂಗಳಾದ ಮೇಲೆ, ಆರಾಧನೆ ಮುಗಿದು ನಾನು ಸ್ಪೀಕರ್ ವೈರ್ ಸುತ್ತುತ್ತಾ ಇದ್ದೆ. ಆ ಹುಡುಗ ಬಂದು ಪಕ್ಕದಲ್ಲಿ ನಿಂತ. ‘ಅಂಕಲ್, ಒಂದು ಕೇಳ್ಲಾ?’ ಕೇಳು ಕಂದ ಅಂದೆ. ‘ನಾನೂ ಉಪವಾಸ ಇದ್ದೆ. ಸ್ಕೂಲಲ್ಲಿ ಟಿಫನ್ ಬಾಕ್ಸ್ ತೆಗೀತಿರಲಿಲ್ಲ. ಆದ್ರೆ ಒಂದಿನ ಫ್ರೆಂಡ್ ಕೊಟ್ಟ ಬಿಸ್ಕತ್ ತಿಂದುಬಿಟ್ಟೆ. ಅದಕ್ಕಾ ಡ್ಯಾಡಿ ಸತ್ತೋದ್ರು?’

ಒಂಬತ್ತು ವರ್ಷದ ಮಗು, ಪ್ರಿಯರೇ. ಒಂದೂವರೆ ತಿಂಗಳು ಆ ಬಿಸ್ಕತ್ತನ್ನು ಎದೆಯಲ್ಲಿ ಹೊತ್ಕೊಂಡು ತಿರುಗಿದ್ದಾನೆ. ಅಮ್ಮನ ಹತ್ರನೂ ಹೇಳಿಲ್ಲ.

ನಾನು ಏನು ಹೇಳಿದೆ ಗೊತ್ತಾ? ಬೈಬಲ್ ಕಾಲೇಜಲ್ಲಿ ಡಿಪ್ಲೊಮಾ ಮಾಡಿದ ನಾನು, ಗಾಬರಿಯಲ್ಲಿ ಬಾಯಿಗೆ ಬಂದದ್ದು ಹೇಳಿಬಿಟ್ಟೆ. ‘ಹಾಗೇನಿಲ್ಲ ಕಂದ, ದೇವರಿಗೆ ಡ್ಯಾಡಿ ಬೇಕಾಗಿದ್ರು, ಅದಕ್ಕೆ ಕರ್ಕೊಂಡ್ರು’ ಅಂದೆ. ಅವನು ನನ್ನ ಮುಖ ನೋಡಿ, ‘ನಂಗೂ ಬೇಕಾಗಿದ್ರು’ ಅಂದ. ಹೊರಟುಹೋದ.

ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಯಾಕಂದ್ರೆ ಆ ಬಿಸ್ಕತ್ತಿನ ಲೆಕ್ಕ ಅವನಿಗೆ ಎಲ್ಲಿಂದ ಬಂತು ಅಂತ ನನಗೆ ಗೊತ್ತಿತ್ತು. ಆ ಉಪವಾಸದ ವಾರದಲ್ಲಿ ಇದೇ ಮೈಕ್ ಹಿಡ್ಕೊಂಡು, ‘ಯಾರೂ ಉಪವಾಸ ಮುರೀಬೇಡಿ, ಒಬ್ಬರ ಅವಿಶ್ವಾಸದಿಂದ ಉತ್ತರ ನಿಂತುಹೋಗಬಹುದು’ ಅಂತ ಕೂಗಿದವನು ನಾನೇ. ಅವನು ಎರಡನೇ ಸಾಲಲ್ಲಿ ಕೂತಿದ್ದ.

ಈಗ ವಾಕ್ಯಕ್ಕೆ ಬರೋಣ. ಎರಡನೇ ಅರಸುಗಳು ನಾಲ್ಕನೇ ಅಧ್ಯಾಯ, ಒಂದರಿಂದ ಏಳು. ಬೈಬಲ್ ತೆಗೀರಿ, ಮೊಬೈಲಲ್ಲಾದ್ರೂ ಪರವಾಗಿಲ್ಲ, ಆದ್ರೆ ನೋಟಿಫಿಕೇಶನ್ ಆಫ್ ಮಾಡಿ.

ಕಥೆ ನಿಮಗೆ ಗೊತ್ತು. ಪ್ರವಾದಿಮಂಡಲಿಯಲ್ಲಿದ್ದ ಒಬ್ಬ ಮನುಷ್ಯ ಸತ್ತುಹೋಗಿದ್ದಾನೆ. ಅವನ ಹೆಂಡತಿ ಎಲೀಷನ ಹತ್ರ ಬಂದು ಮೊರೆಯಿಡ್ತಾಳೆ. ಸಾಲ ಕೊಟ್ಟವನು ಬಂದಿದ್ದಾನೆ, ಇಬ್ಬರು ಗಂಡುಮಕ್ಕಳನ್ನು ಗುಲಾಮರಾಗಿ ಎಳ್ಕೊಂಡು ಹೋಗ್ತೀನಿ ಅಂತಿದ್ದಾನೆ. ಮನೆಯಲ್ಲಿ ಒಂದು ಮೊಗೆ ಎಣ್ಣೆ ಬಿಟ್ಟರೆ ಏನೂ ಇಲ್ಲ. ಎಲೀಷ ಅವಳಿಗೆ, ನೆರೆಹೊರೆಯವರ ಹತ್ರ ಹೋಗಿ ಖಾಲಿ ಪಾತ್ರೆ ಕೇಳಿ ತಾ, ಬಾಗಿಲು ಮುಚ್ಚು, ಮಕ್ಕಳ ಜೊತೆ ಕೂತು ಎಣ್ಣೆ ಸುರಿ ಅಂತಾನೆ. ಪಾತ್ರೆ ಇರೋ ತನಕ ಎಣ್ಣೆ ಬಂತು. ಪಾತ್ರೆ ಮುಗಿದ ಮೇಲೆ ಎಣ್ಣೆ ನಿಂತಿತು. ಅದನ್ನು ಮಾರಿ ಸಾಲ ತೀರಿಸು, ಉಳಿದದ್ದರಲ್ಲಿ ನೀನೂ ಮಕ್ಕಳೂ ಬದುಕಿ ಅಂತ ಹೇಳ್ತಾನೆ.

ಈ ಭಾಗದಿಂದ ಎಷ್ಟೋ ಸಲ ‘ನಿನ್ನ ಎಣ್ಣೆ ಹೆಚ್ಚಾಗುತ್ತೆ, ನಿನ್ನ ಸಂಬಳ ಹೆಚ್ಚಾಗುತ್ತೆ’ ಅಂತ ಪ್ರಸಂಗ ಕೇಳಿದ್ದೀವಿ. ನಾನೂ ಮಾಡಿದ್ದೀನಿ. ಆದ್ರೆ ಇದು ಅಪ್ಪ ಸತ್ತ ಮನೆಯ ಕಥೆ. ಇಬ್ಬರು ಮಕ್ಕಳು, ಒಬ್ಬ ತಾಯಿ, ಬಾಗಿಲಲ್ಲಿ ಸಾಲಗಾರ. ಇವತ್ತು ಹಾಗೇ ಓದೋಣ.

ಮೊದಲನೇ ವಿಷಯ. ಸತ್ತವನು ದೇವರಿಗೆ ಭಯಪಡ್ತಿದ್ದವನು.

ಒಂದನೇ ವಚನ ನೋಡಿ. ಆ ಹೆಂಗಸು ಎಲೀಷನಿಗೆ ಅದನ್ನೇ ಮೊದಲು ನೆನಪಿಸ್ತಾಳೆ: ನನ್ನ ಗಂಡ ಎಂಥವನು ಅಂತ ನಿನಗೇ ಗೊತ್ತು. ಪ್ರವಾದಿಗಳ ಜೊತೆ ಇದ್ದವನು. ಎಲೀಷನಂಥ ಅಭಿಷಿಕ್ತ ಮನುಷ್ಯ ಹತ್ತಿರದಲ್ಲೇ ಇದ್ದ. ಆದ್ರೂ ಅವನು ಸತ್ತ, ಸಾಲ ಬಿಟ್ಟು ಸತ್ತ. ವಾಕ್ಯ ಅದಕ್ಕೆ ಕಾರಣ ಕೊಡಲ್ಲ. ವಿಶ್ವಾಸ ಕಮ್ಮಿಯಿತ್ತು ಅನ್ನಲ್ಲ, ಗುಪ್ತ ಪಾಪ ಇತ್ತು ಅನ್ನಲ್ಲ. ಎಲೀಷನೂ ಕೇಳಲ್ಲ.

ನಾನು ಸ್ವಸ್ಥತೆಯನ್ನು ನಂಬ್ತೀನಿ. ಯೇಸು ನಿನ್ನೆ ಇವತ್ತು ಒಂದೇ ರೀತಿ ಇದ್ದಾನೆ ಅಂತ ನಂಬ್ತೀನಿ. ಈ ಕೊಠಡಿಯಲ್ಲೇ ಕರ್ತನು ಮುಟ್ಟಿ ಎಬ್ಬಿಸಿದವರು ಕೂತಿದ್ದಾರೆ, ಸ್ತೋತ್ರ. ಮುಂದೆಯೂ ಕೈಯಿಟ್ಟು ಪ್ರಾರ್ಥನೆ ಮಾಡ್ತೀನಿ. ಆದ್ರೆ ಒಂದು ಮನೆಯಲ್ಲಿ ಸಾವಾದಾಗ, ಆ ಮನೆಯ ಮಗು ಕೇಳಿಸಿಕೊಳ್ಳೋ ಹಾಗೆ ‘ಇನ್ನೂ ಸ್ವಲ್ಪ ವಿಶ್ವಾಸ ಇದ್ದಿದ್ರೆ’ ಅನ್ನೋ ಮಾತನ್ನು ಈ ಸಭೆಯಲ್ಲಿ ಇನ್ನು ಯಾರೂ ಆಡಬಾರದು. ಪಾಸ್ಟರ್ ಆದ ನಾನೂ ಆಡಬಾರದು. ದೊಡ್ಡವರು ಅದನ್ನು ಕೇಳಿ ಮರೆತುಬಿಡ್ತಾರೆ. ಮಕ್ಕಳು ಅದನ್ನು ತಮ್ಮ ಹೆಸರಿಗೆ ಬರ್ಕೊಳ್ತಾರೆ. ಸಣ್ಣ ಮಕ್ಕಳ ಮನಸ್ಸು ಹಾಗೇ ಕೆಲಸ ಮಾಡುತ್ತೆ. ನಾನು ಜಗಳ ಆಡಿದ್ದಕ್ಕೆ ಅಪ್ಪ ಸತ್ರು, ನಾನು ಮಾತು ಕೇಳದೆ ಇದ್ದದ್ದಕ್ಕೆ ಅಮ್ಮ ಸತ್ರು ಅಂತ ಕೂಡಿಸಿಬಿಡ್ತಾರೆ. ಅವರು ಕೇಳದೆ ಇದ್ರೂ ನಾವೇ ಬಾಯಿಬಿಟ್ಟು ಹೇಳಬೇಕು: ನೀನು ಮಾಡಿದ್ದರಿಂದ ಆಗಲಿಲ್ಲ, ನೀನು ಮಾಡದೆ ಇದ್ದದ್ದರಿಂದಲೂ ಆಗಲಿಲ್ಲ. ಒಂದು ಸಲ ಹೇಳಿದ್ರೆ ಸಾಲದು.

ಇನ್ನೊಂದು, ಮಕ್ಕಳಿಗೆ ನಿಜ ಹೇಳಿ. ‘ಡ್ಯಾಡಿ ಊರಿಗೆ ಹೋಗಿದ್ದಾರೆ’, ‘ಮಮ್ಮಿ ಮಲಗಿದ್ದಾರೆ’ ಅಂತ ಹೇಳ್ತೀವಿ ಅಲ್ವಾ? ನಾಲ್ಕೈದು ವರ್ಷದ ಮಗುವಿಗೆ ಸಾವು ಅಂದ್ರೆ ತಿರುಗಿ ಬರಲ್ಲ ಅನ್ನೋದೇ ಗೊತ್ತಿರಲ್ಲ. ಊರಿಗೆ ಹೋದವರು ಬರ್ತಾರೆ ಅಂತ ಅದು ಬಾಗಿಲಲ್ಲಿ ಕಾಯುತ್ತೆ. ಮಲಗಿದ್ದಾರೆ ಅಂದ್ರೆ, ತಾನು ಮಲಗೋಕೆ ಹೆದರುತ್ತೆ.

‘ಪಾಸ್ಟರ್, ಯೇಸುವೇ ಲಾಜರ ನಿದ್ದೆ ಮಾಡ್ತಿದ್ದಾನೆ ಅಂದನಲ್ಲಾ’ ಅಂತ ಕೇಳ್ತೀರಿ. ಹೌದು, ಯೋಹಾನ ಹನ್ನೊಂದನೇ ಅಧ್ಯಾಯ. ಮುಂದೆ ಓದಿ. ಶಿಷ್ಯರಿಗೆ ಅರ್ಥ ಆಗಲಿಲ್ಲ. ನಿದ್ದೆ ಮಾಡಿದ್ರೆ ಒಳ್ಳೇದೇ ಆಯ್ತು, ಹುಷಾರಾಗ್ತಾನೆ ಅಂದ್ರು. ಗಡ್ಡ ಬಂದಿರೋ ಗಂಡಸರು! ಆಗ ಹದಿನಾಲ್ಕನೇ ವಚನದಲ್ಲಿ ಯೇಸು ಮುಚ್ಚುಮರೆ ಇಲ್ಲದೆ, ಲಾಜರ ಸತ್ತಿದ್ದಾನೆ ಅಂತ ನೇರವಾಗಿ ಹೇಳಿದ. ದೊಡ್ಡವರಿಗೇ ಬಿಡಿಸಿ ಹೇಳಬೇಕಾದ್ರೆ, ಮಗುವಿಗೆ ಹೇಳಬೇಡ್ವಾ? ‘ಡ್ಯಾಡಿ ಸತ್ತುಹೋದ್ರು. ಅವರ ದೇಹ ಕೆಲಸ ಮಾಡೋದು ನಿಂತುಹೋಯ್ತು. ಅವರು ಇಲ್ಲಿಗೆ ತಿರುಗಿ ಬರಲ್ಲ. ಯೇಸು ಬರುವಾಗ ಎಬ್ಬಿಸ್ತಾನೆ, ಆಗ ನೋಡ್ತೀವಿ.’ ಇಷ್ಟು ಸಾಕು. ನಿರೀಕ್ಷೆಯನ್ನೂ ಹೇಳಿ, ನಿಜವನ್ನೂ ಹೇಳಿ. ಮತ್ತೆ ಅಳಬೇಡ ಅನ್ನಬೇಡಿ. ಲಾಜರನನ್ನು ಇನ್ನೇನು ಎಬ್ಬಿಸ್ತೀನಿ ಅಂತ ಗೊತ್ತಿದ್ದೇ ಯೇಸು ಸಮಾಧಿಗೆ ಹೋಗೋ ದಾರಿಯಲ್ಲಿ ಅತ್ತ.

ಎರಡನೇ ವಿಷಯ. ಎಲೀಷ ಕೇಳಿದ ಪ್ರಶ್ನೆಗಳು.

ಎರಡನೇ ವಚನ. ನಿನಗಾಗಿ ಏನು ಮಾಡಲಿ? ನಿನ್ನ ಮನೆಯಲ್ಲಿ ಏನಿದೆ? ಅವನು ಎರಡು ಪ್ರಶ್ನೆ ಕೇಳ್ತಾನೆ, ಉತ್ತರ ಕೇಳಿಸ್ಕೊಳ್ತಾನೆ, ಆಮೇಲೆ ಒಂದು ಕೆಲಸ ಹೇಳ್ತಾನೆ.

ನಾವು ಏನು ಮಾಡ್ತೀವಿ? ‘ಏನಾದ್ರೂ ಬೇಕಿದ್ರೆ ಫೋನ್ ಮಾಡಿ ಸಿಸ್ಟರ್’ ಅಂತೀವಿ. ಗ್ರೂಪಲ್ಲಿ ಕೈ ಮುಗಿಯೋ ಎಮೋಜಿ ಹಾಕ್ತೀವಿ. ಗಂಡ ಸತ್ತು ಹತ್ತು ದಿನ ಆಗಿರೋ ಹೆಂಗಸಿಗೆ ತನಗೆ ಏನು ಬೇಕು ಅಂತಲೇ ಗೊತ್ತಿರಲ್ಲ. ಗೊತ್ತಿದ್ರೂ ಫೋನ್ ಮಾಡಿ ಕೇಳೋಕೆ ನಾಚಿಕೆ. ಅದಕ್ಕೆ ನಾವೇ ಹೋಗಿ, ಕೂತು, ಬಿಡಿಸಿ ಕೇಳಬೇಕು. ಬಾಡಿಗೆ ಯಾವ ತಾರೀಕಿಗೆ? ಸ್ಕೂಲ್ ಫೀಸ್ ಎಷ್ಟು ಬಾಕಿ? ಗ್ಯಾಸ್ ಬುಕ್ ಮಾಡ್ತಿದ್ದವರು ಯಾರು? ಮಗಳನ್ನು ಟ್ಯೂಶನ್ನಿಂದ ಕರ್ಕೊಂಡು ಬರ್ತಿದ್ದವರು ಯಾರು?

ಇಲ್ಲಿ ಐಟಿಯಲ್ಲಿ, ಬ್ಯಾಂಕಲ್ಲಿ, ಎಚ್‌ಆರ್‌ನಲ್ಲಿ ಕೆಲಸ ಮಾಡೋ ತಮ್ಮಂದಿರು ತಂಗಿಯರು ಇದ್ದೀರಿ. ನಿಮಗೆ ಕಣ್ಣುಮುಚ್ಚಿ ಮಾಡಬಹುದಾದ ಕೆಲಸ, ಆ ತಾಯಿಗೆ ಬೆಟ್ಟದಷ್ಟು. ಬರ್ಕೊಳ್ಳಿ, ಇದೂ ಸೇವೆನೇ.

ಸಾವನ್ನು 21 ದಿನದೊಳಗೆ ನೋಂದಣಿ ಮಾಡಿಸಬೇಕು, ಆಮೇಲೆ ಆದ್ರೆ ಓಡಾಟ ಜಾಸ್ತಿ. ಮರಣ ಪ್ರಮಾಣಪತ್ರದ ಪ್ರತಿಗಳನ್ನು ಜಾಸ್ತಿ ತೆಗೆದಿಡಿ, ಎಲ್ಲ ಕಡೆ ಕೇಳ್ತಾರೆ. ತೀರಿಕೊಂಡವರಿಗೆ ಪಿಎಫ್ ಇತ್ತಾ ನೋಡಿ. ಕೆಲಸದಲ್ಲಿರುವಾಗಲೇ ತೀರಿಕೊಂಡಿದ್ರೆ ಪಿಎಫ್ ಹಣ ಒಂದೇ ಅಲ್ಲ, ಇಡಿಎಲ್‌ಐ ಅನ್ನೋ ವಿಮೆ ಇದೆ, ಗರಿಷ್ಠ 7 ಲಕ್ಷ ರೂಪಾಯಿ ತನಕ. ಹೆಂಡತಿಗೆ ಪಿಂಚಣಿ ಇದೆ. ಅದರ ಜೊತೆ ಮಕ್ಕಳಿಗೂ ಪ್ರತ್ಯೇಕ ಪಿಂಚಣಿ ಇದೆ, ಒಂದು ಸಲಕ್ಕೆ ಇಬ್ಬರಿಗೆ, 25 ವರ್ಷ ತುಂಬೋ ತನಕ. ಮಕ್ಕಳಿಗೆ ಪಿಂಚಣಿ ಇದೆ ಅನ್ನೋದೇ ಎಷ್ಟೋ ತಾಯಂದಿರಿಗೆ ಗೊತ್ತಿಲ್ಲ. ಪಾಸ್‌ಬುಕ್ ತೆಗೆದು ವರ್ಷಕ್ಕೊಂದು ಸಲ 436 ರೂಪಾಯಿ ಕಡಿತ ಆಗಿದೆಯಾ ನೋಡಿ. ಆಗಿದ್ರೆ ಅದು ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆ ಇರಬಹುದು, 2 ಲಕ್ಷ ಬರುತ್ತೆ. ವಿಧವಾ ವೇತನಕ್ಕೆ ನಾಡಕಚೇರಿಯಲ್ಲಿ ಅರ್ಜಿ ಹಾಕಬಹುದು. ಆದಾಯ ತುಂಬ ಕಮ್ಮಿ ಇರೋ ಮನೆಯಾದ್ರೆ, ಕೇಂದ್ರ ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವ ಕೇಳಬಹುದು. ವಿಧವೆಯರ ಮಕ್ಕಳಿಗೂ ಅದು ಇದೆ. ಅದಕ್ಕೆ ನಿಮ್ಮ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಬೇಕು. ಒಂದು ಸಲಕ್ಕೆ ಆಗಲ್ಲ. ಮೂರು ಸಲ ಹೋಗಬೇಕಾಗುತ್ತೆ. ಅಲ್ಲಿ ಕ್ಯೂ ನಿಲ್ಲೋಕೆ ಯಾರು ರಜೆ ಹಾಕ್ತೀರಿ?

ಕೆಲವರಿಗೆ ಅನಿಸಬಹುದು, ಇದೇನು ಪಾಸ್ಟರ್ ಪ್ರಸಂಗದಲ್ಲಿ ಫಾರ್ಮ್ ಬಗ್ಗೆ ಮಾತಾಡ್ತಿದ್ದಾರೆ ಅಂತ. ಏಳನೇ ವಚನ ಓದಿ. ಎಣ್ಣೆಯ ಅದ್ಭುತ ಆದ ಮೇಲೆ ದೇವರ ಮನುಷ್ಯ ಹೇಳಿದ್ದೇನು? ಮಾರು, ಸಾಲ ತೀರಿಸು, ಉಳಿದದ್ದರಲ್ಲಿ ಬದುಕು. ಅಭಿಷೇಕ ಇರೋ ಪ್ರವಾದಿ ಲೆಕ್ಕಪತ್ರದ ತನಕ ಬಂದ. ನಾವು ಹಲ್ಲೆಲೂಯಕ್ಕೇ ನಿಲ್ಲಿಸ್ತೀವಿ.

ಮೂರನೇ ವಿಷಯ. ಮಕ್ಕಳ ಕೈಗೆ ಪಾತ್ರೆ ಬಂತು, ಸಾಲ ಬರಲಿಲ್ಲ.

ಐದನೇ ವಚನ ನನಗೆ ತುಂಬ ಇಷ್ಟ. ಮಕ್ಕಳು ಪಾತ್ರೆ ತಂದುಕೊಡ್ತಿದ್ರು, ಅವಳು ಸುರೀತಿದ್ಲು. ಆ ಮಕ್ಕಳನ್ನು ಹೊರಗೆ ಆಟಕ್ಕೆ ಕಳಿಸಿ ದೊಡ್ಡವರು ಒಳಗೆ ಗುಸುಗುಸು ಮಾಡಲಿಲ್ಲ. ಅಮ್ಮನ ಜೊತೆ ಒಳಗಿದ್ರು, ಕಣ್ಣಾರೆ ನೋಡಿದ್ರು. ಹಾಗೆಯೇ ಮಗುವನ್ನು ಸಮಾಧಿಗೆ ಕರ್ಕೊಂಡು ಹೋಗಬೇಕಾ ಅಂತ ಕೇಳ್ತೀರಿ. ಅಲ್ಲಿ ಏನು ನಡೆಯುತ್ತೆ ಅಂತ ಮೊದಲೇ ಹೇಳಿ, ಬರ್ತೀಯಾ ಅಂತ ಕೇಳಿ. ಬರ್ತೀನಿ ಅಂದ್ರೆ ಪಕ್ಕದಲ್ಲಿ ಒಬ್ಬರು ಕೈ ಹಿಡ್ಕೊಂಡಿರಲಿ. ಬೇಡ ಅಂದ್ರೆ ಬಲವಂತ ಬೇಡ.

ಆದ್ರೆ ನೋಡಿ, ಎಲೀಷ ಆ ಹುಡುಗರಿಗೆ ‘ಇನ್ಮೇಲೆ ನೀವೇ ಅಪ್ಪನ ಜಾಗದಲ್ಲಿ’ ಅನ್ನಲಿಲ್ಲ. ಪಾತ್ರೆ ಎತ್ತಿ ಕೊಡೋದು, ಅಷ್ಟೇ ಅವರ ಕೆಲಸ. ನಮ್ಮಲ್ಲಿ ಮಣ್ಣು ಮಾಡಿ ಬರೋ ದಾರಿಯಲ್ಲೇ ಮಾವಂದಿರು ಚಿಕ್ಕಪ್ಪಂದಿರು ಹುಡುಗನ ಹೆಗಲ ಮೇಲೆ ಕೈ ಹಾಕಿ, ‘ಅಮ್ಮನ್ನ ನೀನೇ ನೋಡ್ಕೋಬೇಕಪ್ಪಾ, ಅಳಬಾರದು, ಗಂಡಸು ನೀನು’ ಅಂತಾರೆ. ನನಗೆ ಹಾಗೆ ಹೇಳಿದ್ರು. ನನಗೆ ಆಗ ಹನ್ನೊಂದು ವರ್ಷ. ನಮ್ಮಪ್ಪ ತೀರಿಕೊಂಡಾಗ ನಾನು ಅಳಲೇ ಇಲ್ಲ. ಧೈರ್ಯವಂತ ಹುಡುಗ ಅಂತ ಎಲ್ಲರೂ ಹೊಗಳಿದ್ರು. ರಾತ್ರಿ ಹಾಸಿಗೆ ಒದ್ದೆಯಾಗ್ತಿತ್ತು, ಅದನ್ನು ಬೆಳಿಗ್ಗೆ ಅಮ್ಮ ಏಳೋ ಮುಂಚೆ ನಾನೇ ಒಗೀತಿದ್ದೆ. ಇದನ್ನು ಮದುವೆ ಆದ ಮೇಲೆ ನನ್ನ ಹೆಂಡತಿಗೆ ಹೇಳಿದ್ದು ಬಿಟ್ರೆ, ಇವತ್ತೇ ಹೇಳ್ತಿರೋದು.

ಮಕ್ಕಳ ದುಃಖ ನಮ್ಮ ದುಃಖದ ಹಾಗೆ ಕಾಣಲ್ಲ. ಹತ್ತು ನಿಮಿಷ ಅಳ್ತಾರೆ, ಎದ್ದು ಹೋಗಿ ಕ್ರಿಕೆಟ್ ಆಡ್ತಾರೆ. ಮರೆತುಬಿಟ್ಟ ಅಂತ ಅಂದ್ಕೋಬೇಡಿ. ಅವರು ಒಂದು ಸಲಕ್ಕೆ ಎಷ್ಟು ತಡ್ಕೊಳ್ಳೋಕೆ ಆಗುತ್ತೋ ಅಷ್ಟನ್ನೇ ತಗೊಳ್ತಾರೆ. ಹೊಟ್ಟೆನೋವು ಅಂತಾರೆ, ಸ್ಕೂಲಿಗೆ ಹೋಗಲ್ಲ ಅಂತಾರೆ, ಸಣ್ಣದಕ್ಕೆ ಸಿಟ್ಟು ಮಾಡ್ತಾರೆ, ಅಮ್ಮ ಬಾತ್‌ರೂಮಿಗೆ ಹೋದ್ರೂ ಹಿಂದೆ ಹೋಗ್ತಾರೆ. ಹದಿನಾಲ್ಕು ವರ್ಷದ ಹುಡುಗಿ ಏಕಾಏಕಿ ಮನೆಯೆಲ್ಲಾ ನಿಭಾಯಿಸೋಕೆ ಶುರು ಮಾಡ್ತಾಳೆ, ನಾವು ಎಷ್ಟು ಒಳ್ಳೆ ಮಗಳು ಅಂತೀವಿ. ಅವಳನ್ನು ಒಂದು ಸಲ ಯೂತ್ ಮೀಟಿಂಗಿಗೆ ಕರ್ಕೊಂಡು ಬನ್ನಿ, ಅವಳು ಹದಿನಾಲ್ಕು ವರ್ಷದವಳಾಗಿ ನಗಲಿ.

ಈ ಸಿಟ್ಟಿಗೆ, ಈ ಹೆದರಿಕೆಗೆ ತಕ್ಷಣ ದುರಾತ್ಮ ಅಂತ ಹೆಸರು ಹಾಕಬೇಡಿ. ಅದು ಅಪ್ಪ ಇಲ್ಲದ ಮಗು. ಊಟ, ನಿದ್ದೆ, ಸ್ಕೂಲ್ ಎಲ್ಲಾ ತುಂಬ ದಿನ ಕೆಟ್ಟಿದ್ರೆ, ಇಲ್ಲ ‘ನಾನೂ ಸತ್ತು ಡ್ಯಾಡಿ ಹತ್ರ ಹೋಗ್ತೀನಿ’ ಅಂತ ಮಗು ಹೇಳಿದ್ರೆ, ಪ್ರಾರ್ಥನೆ ಮಾಡ್ತಾ ಮಾಡ್ತಾನೇ ಡಾಕ್ಟರ್ ಹತ್ರ ಕರ್ಕೊಂಡು ಹೋಗಿ. ನಮ್ಮ ಬೆಂಗಳೂರಲ್ಲೇ ನಿಮ್ಹಾನ್ಸ್ ಇದೆ, ಅಲ್ಲಿ ಮಕ್ಕಳಿಗೇ ಬೇರೆ ವಿಭಾಗ ಇದೆ. 14416 ಅನ್ನೋ ನಂಬರ್ ಟೆಲಿ-ಮಾನಸ್, ಸರ್ಕಾರದ್ದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು, ರಾತ್ರಿ ಎರಡು ಗಂಟೆಗೂ ಮಾಡಬಹುದು. ಮಗುವಿಗೆ ಯಾರಿಂದಾದ್ರೂ ತೊಂದರೆ ಆಗ್ತಿದ್ರೆ 1098. ಈ ಎರಡು ನಂಬರ್ ಈಗಲೇ ಸೇವ್ ಮಾಡ್ಕೊಳ್ಳಿ. ಸಹಾಯ ಕೇಳೋದು ಅವಿಶ್ವಾಸ ಅಲ್ಲ. ಆ ವಿಧವೆ ಮೊರೆಯಿಟ್ಟಿದ್ದು ದೇವರ ಮನುಷ್ಯನ ಹತ್ರ, ಪಾತ್ರೆ ಕೇಳಿದ್ದು ಪಕ್ಕದ ಮನೆಯಲ್ಲಿ.

ನಾಲ್ಕನೇ ವಿಷಯ, ಇವತ್ತಿನ ಮುಖ್ಯ ವಿಷಯ. ಆ ಪಾತ್ರೆಗಳು ಯಾರವು?

ಎಣ್ಣೆ ದೇವರದ್ದು. ಪಾತ್ರೆ ನೆರೆಯವರದ್ದು. ಅದೂ ಖಾಲಿ ಪಾತ್ರೆ. ಯಾರ ಹತ್ರನೂ ಎಲೀಷ ಎಣ್ಣೆ ಕೇಳಿಸಲಿಲ್ಲ. ನಿಮ್ಮಲ್ಲಿ ಎಷ್ಟೋ ಜನ ಹೇಳ್ತೀರಿ, ‘ಪಾಸ್ಟರ್, ಅಂಥ ಮನೆಗೆ ಹೋದ್ರೆ ಏನು ಮಾತಾಡಬೇಕು ಅಂತ ಗೊತ್ತಾಗಲ್ಲ, ನನ್ನ ಹತ್ರ ಕೊಡೋಕೆ ಏನೂ ಇಲ್ಲ.’ ಖಾಲಿನೇ ಬೇಕಾಗಿರೋದು. ನಿಮ್ಮ ಒಂದು ಶನಿವಾರ ಸಾಯಂಕಾಲ, ಗಾಡಿಯ ಹಿಂದಿನ ಸೀಟು, ಮನೆಯಲ್ಲಿ ಒಂದು ತಟ್ಟೆ ಜಾಸ್ತಿ, ಅಷ್ಟೇ. ಆ ಊರಿನವರು ಪಾತ್ರೆ ಕೊಡದೆ ಇದ್ದಿದ್ರೆ ಆ ಎಣ್ಣೆ ಎಲ್ಲಿ ತುಂಬ್ತಿತ್ತು? ಎಣ್ಣೆ ನಿಂತದ್ದು ದೇವರ ಹತ್ರ ಮುಗಿದುಹೋಗಿದ್ದಕ್ಕಲ್ಲ. ಮುಗಿದದ್ದು ಪಾತ್ರೆ.

ನಮ್ಮಪ್ಪ ಹೋದ ಮೇಲೆ ಮೊದಲ ವಾರ ಮನೆ ತುಂಬ ಜನ. ಒಂದು ತಿಂಗಳಾದ ಮೇಲೆ ಯಾರೂ ಇಲ್ಲ. ಅವರದ್ದು ತಪ್ಪಲ್ಲ, ಎಲ್ಲರಿಗೂ ಅವರವರ ಮನೆ ಇದೆ. ಆದ್ರೆ ನಮ್ಮ ಸಂಡೇ ಸ್ಕೂಲ್ ಟೀಚರ್ ಒಬ್ಬರು, ಫ್ಯಾಕ್ಟರಿಯಲ್ಲಿ ಕೆಲಸ ಮಾಡ್ತಿದ್ದವರು, ಪ್ರತಿ ಶನಿವಾರ ಸೈಕಲ್‌ನಲ್ಲಿ ಬರ್ತಿದ್ರು. ಉಪದೇಶ ಮಾಡ್ತಿರಲಿಲ್ಲ. ಬಂದು ನನ್ನ ಗಣಿತದ ಪುಸ್ತಕ ತೆಗೆಸ್ತಿದ್ರು. ಕಾಫಿ ಕುಡೀತಿದ್ರು. ಒಂದೊಂದು ಸಲ ‘ನಿಮ್ಮಪ್ಪ ಒಂದು ಸಲ ಏನು ಮಾಡಿದ್ರು ಗೊತ್ತಾ’ ಅಂತ ಒಂದು ಕಥೆ ಹೇಳ್ತಿದ್ರು. ಬೇರೆ ಯಾರೂ ಅಪ್ಪನ ಹೆಸರು ಎತ್ತುತ್ತಿರಲಿಲ್ಲ, ನಮಗೆ ನೋವಾಗುತ್ತೆ ಅಂತ. ಅವರು ಎತ್ತಿದಾಗ ಮಾತ್ರ ಅಪ್ಪ ನಿಜವಾಗಲೂ ಇದ್ದರು ಅಂತ ಅನಿಸ್ತಿತ್ತು. ಎಸ್ಸೆಸ್ಸೆಲ್ಸಿ ತನಕ ಬಂದ್ರು. ನಾನು ಇವತ್ತು ಇಲ್ಲಿ ನಿಂತು ಮಾತಾಡ್ತಿದ್ದೀನಿ ಅಂದ್ರೆ, ಅದಕ್ಕೆ ಆ ಸೈಕಲ್ಲೂ ಒಂದು ಕಾರಣ.

ನಮ್ಮ ಪೆಂತೆಕೊಸ್ತಿನ ಚರಿತ್ರೆಯಲ್ಲೂ ಇದು ಇದೆ. 1906ರ ಅಜೂಸಾ ಸ್ಟ್ರೀಟ್ ಬಗ್ಗೆ ಎಲ್ಲರೂ ಕೇಳಿದ್ದೀರಿ. ಅದರ ಹಿಂದಿನ ವರ್ಷ, 1905ರಲ್ಲಿ, ಪುಣೆ ಹತ್ತಿರದ ಕೇಡಗಾಂವ್‌ನಲ್ಲಿ, ಮುಕ್ತಿ ಮಿಷನ್‌ನಲ್ಲಿ ಪವಿತ್ರಾತ್ಮನ ದೊಡ್ಡ ಉಜ್ಜೀವನ ಆಯ್ತು. ಅದನ್ನು ನಡೆಸ್ತಿದ್ದವರು ಪಂಡಿತಾ ರಮಾಬಾಯಿ. 1858ರಲ್ಲಿ ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದವರು. ಹದಿಹರೆಯದಲ್ಲಿ ಬರಗಾಲಕ್ಕೆ ತಂದೆ, ತಾಯಿ, ಅಕ್ಕ ಮೂವರನ್ನೂ ಕಳ್ಕೊಂಡ್ರು. ಅಣ್ಣನ ಜೊತೆ ಹಸಿವಲ್ಲಿ ಊರೂರು ನಡೆದ್ರು. ಆಮೇಲೆ ಅಣ್ಣನೂ ತೀರಿಕೊಂಡರು. ಮದುವೆ ಆಯ್ತು, 1882ರಲ್ಲಿ ಕಾಲರಾದಿಂದ ಗಂಡ ಹೋದ್ರು. ಕೈಯಲ್ಲಿ ವರ್ಷ ತುಂಬದ ಮಗಳು. ಸಾವು ಆ ಮನೆಗೆ ಎಷ್ಟು ಸಲ ಬಂತು ನೋಡಿ. ಆ ಹೆಂಗಸು 1889ರಲ್ಲಿ ಮುಂಬೈಯಲ್ಲಿ ವಿಧವೆಯರಿಗೆ ಶಾರದಾ ಸದನ ತೆರೆದರು. 1896-97ರ ಬರಗಾಲದಲ್ಲಿ ಗತಿಯಿಲ್ಲದ ನೂರಾರು ಹೆಣ್ಣುಮಕ್ಕಳನ್ನು ಕರೆತಂದು ಸಾಕಿದ್ರು, ಓದಿಸಿದ್ರು, ಕೆಲಸ ಕಲಿಸಿದ್ರು. 1905ರಲ್ಲಿ ಆತ್ಮನು ಇಳಿದು ಬಂದದ್ದು ಆ ಮಕ್ಕಳ ಮೇಲೆ. ಉಜ್ಜೀವನ ಬೇಕು ಅಂತ ನಾವು ಪ್ರತಿ ಶುಕ್ರವಾರ ಕೂಗ್ತೀವಿ. ಅಪ್ಪ ಅಮ್ಮ ಇಲ್ಲದ ಮಕ್ಕಳು ಮತ್ತು ವಿಧವೆಯರಿಂದ ತುಂಬಿದ ಮನೆಗೆ ಅದು ಬಂತು ಅನ್ನೋದನ್ನು ಮರೀತೀವಿ. ದೇವರು ಒಪ್ಪೋ ಶುದ್ಧ ಭಕ್ತಿ ಯಾವುದು ಅಂತ ಯಾಕೋಬ ಒಂದನೇ ಅಧ್ಯಾಯ 27ನೇ ವಚನದಲ್ಲಿ ಬರೆದಿರೋದು ಅದನ್ನೇ. ದಿಕ್ಕಿಲ್ಲದ ಮಕ್ಕಳನ್ನೂ ವಿಧವೆಯರನ್ನೂ ಅವರ ಕಷ್ಟದಲ್ಲಿ ಹೋಗಿ ನೋಡೋದು. ಹೋಗಿ ನೋಡೋದು. ಸ್ಟೇಟಸ್ ಹಾಕೋದು ಅಂತ ಇಲ್ಲ.

ಕೊನೇ ಮಾತು, ಬಾಗಿಲು ಮುಚ್ಚು ಅಂತ ಎಲೀಷ ಹೇಳಿದ. ನೆರೆಯವರು ಪಾತ್ರೆ ಕೊಟ್ರು, ಆದ್ರೆ ಒಳಗೆ ಬಂದು ನಿಂತು ನೋಡಲಿಲ್ಲ. ಅಕ್ಕಿ ಮೂಟೆ ಜೊತೆ ಆ ಮಕ್ಕಳನ್ನು ನಿಲ್ಲಿಸಿ ಫೋಟೊ ತೆಗೀಬೇಡಿ. ಅವರ ತಾಯಿ ಸಾಕ್ಷಿ ಹೇಳಬೇಕು ಅಂತ ಒತ್ತಾಯ ಮಾಡಬೇಡಿ. ನೀವು ಸಹಾಯ ಮಾಡಿದ್ದು ನಿಮಗೂ ಕರ್ತನಿಗೂ ಗೊತ್ತಿದ್ರೆ ಸಾಕು. ಮತ್ತೆ, ಮಗುವಿನ ಹತ್ರ ಹೋಗುವಾಗ ತಾಯಿಗೆ ಗೊತ್ತಿದ್ದು, ಮನೆಯವರು ಇರುವಾಗ, ಬಾಗಿಲು ತೆರೆದಿರೋ ಜಾಗದಲ್ಲೇ ಇರಿ. ಅದು ಮಗುವಿನ ಸುರಕ್ಷತೆಗೆ.

ಆ ಹುಡುಗನ ವಿಷಯ ಹೇಳಿ ಮುಗಿಸ್ತೀನಿ.

ಎರಡು ವಾರ ಬಿಟ್ಟು ಅವರ ಮನೆಗೆ ಹೋದೆ. ತಾಯಿ ಅಡುಗೆಮನೆಯಲ್ಲಿದ್ರು. ನಾವಿಬ್ಬರೂ ನೆಲದ ಮೇಲೆ ಕೂತು ಕೇರಂ ಆಡಿದ್ವಿ. ಆಟದ ಮಧ್ಯೆ ಹೇಳಿದೆ, ‘ಕಂದ, ಅವತ್ತು ನಾನು ತಪ್ಪು ಹೇಳಿದೆ. ಉಪವಾಸದ ಬಗ್ಗೆ ಮೈಕಲ್ಲಿ ಹೇಳಿದ್ದೂ ತಪ್ಪು. ನೀನು ತಿಂದ ಬಿಸ್ಕತ್ತಿಗೂ ಡ್ಯಾಡಿ ಸತ್ತಿದ್ದಕ್ಕೂ ಸಂಬಂಧನೇ ಇಲ್ಲ. ಹಸಿದ ಮಗು ತಿಂದ್ರೆ ಯೇಸುವಿಗೆ ಸಿಟ್ಟು ಬರಲ್ಲ.’ ಅವನು ಸ್ಟ್ರೈಕರ್ ಹಿಡ್ಕೊಂಡು ಸುಮ್ಮನೆ ಕೂತ. ‘ಹಾಗಾದ್ರೆ ಯಾಕೆ?’ ಅಂದ. ‘ಗೊತ್ತಿಲ್ಲ ಕಂದ. ನಾನೂ ಯೇಸುನ ಅದನ್ನೇ ಕೇಳ್ತಿದ್ದೀನಿ’ ಅಂದೆ. ಅವನು ಅತ್ತ. ನಾನೂ ಅತ್ತೆ. ತಾಯಿ ಬಂದು ಬಾಗಿಲಲ್ಲಿ ನಿಂತ್ಕೊಂಡ್ರು. ಹೊರಡುವಾಗ ಹೇಳಿದೆ, ಮುಂದಿನ ಶನಿವಾರ ಬರ್ತೀನಿ. ಹೋದೆ.

ಎಲ್ಲಾ ಸರಿಹೋಯ್ತು ಅಂತ ಹೇಳಲ್ಲ. ಈಗಲೂ ನಾವು ಸ್ವಸ್ಥತೆಗಾಗಿ ಪ್ರಾರ್ಥನೆ ಶುರು ಮಾಡಿದ್ರೆ ಅವನು ಎದ್ದು ಹೊರಗೆ ಹೋಗಿ ಚಪ್ಪಲಿ ಸ್ಟ್ಯಾಂಡ್ ಹತ್ರ ಕೂತ್ಕೊಳ್ತಾನೆ. ನಾನು ಒಳಗೆ ಕರೆಯಲ್ಲ. ನಿಮ್ಮಲ್ಲೇ ಒಬ್ಬ ತಮ್ಮ ಪ್ರತಿ ಸಲ ಅವನ ಹಿಂದೆ ಹೋಗಿ ಪಕ್ಕದಲ್ಲಿ ಕೂತ್ಕೊಳ್ತಾನೆ, ಏನೂ ಮಾತಾಡದೆ. ಆ ತಮ್ಮ ವೇದಿಕೆಗೆ ಯಾವತ್ತೂ ಬಂದಿಲ್ಲ, ಹಾಡಲ್ಲ, ಬಾರಿಸಲ್ಲ. ಈ ಸಭೆಯಲ್ಲಿ ದೊಡ್ಡ ಪಾತ್ರೆ ತಂದವನು ಅವನೇ.

ಹೊರಗೆ ಮೇಜಿನ ಮೇಲೆ ಒಂದು ಕ್ಯಾಲೆಂಡರ್ ಇಟ್ಟಿದ್ದೀವಿ. ಕಳೆದ ಎರಡು ವರ್ಷದಲ್ಲಿ ಸಾವಾದ ಮನೆಗಳು ನಮ್ಮಲ್ಲಿ ಐದು ಇವೆ. ಕ್ಯಾಲೆಂಡರಲ್ಲಿ ಹೆಸರು ಬರೆದಿಲ್ಲ, ಶನಿವಾರಗಳು ಮಾತ್ರ ಇವೆ. ನಿಮ್ಮ ಹೆಸರು ಒಂದು ಶನಿವಾರದ ಎದುರು ಬರೀರಿ. ಆ ಮನೆಯವರ ಹತ್ರ ಕೇಳಿ, ಅವರು ಸರಿ ಅಂದ ಮೇಲೆ, ಯಾವ ಮನೆ ಅಂತ ನಾನೂ ನನ್ನ ಹೆಂಡತಿಯೂ ಹೇಳ್ತೀವಿ. ಹುಟ್ಟುಹಬ್ಬದ ದಿನ, ಕ್ರಿಸ್ಮಸ್, ಅವರು ತೀರಿಕೊಂಡ ತಾರೀಕು, ಸ್ಕೂಲಲ್ಲಿ ಪೇರೆಂಟ್ಸ್ ಮೀಟಿಂಗ್, ಈ ದಿನಗಳು ಕಷ್ಟ. ಅವಕ್ಕೆ ಗುರುತು ಹಾಕ್ತೀವಿ. ಒಂದು ಸಲ ಹೋಗಿ ಬಿಡೋರು ಬರೀಬೇಡಿ. ಒಂದು ವರ್ಷ ಹೋಗೋರು ಬರೀರಿ. ಆ ಮಗು ಈಗಾಗಲೇ ಒಬ್ಬರನ್ನು ಕಳ್ಕೊಂಡಿದೆ.

ನಿಂತ್ಕೊಳ್ಳಿ, ಪ್ರಾರ್ಥನೆ ಮಾಡೋಣ.

ಪರಲೋಕದ ತಂದೆಯೇ, ನಿಮಗೆ ಸ್ತೋತ್ರ. ನಿಮ್ಮ ಹೆಸರಲ್ಲಿ ನಾವು ಆಡಿದ ಅವಸರದ ಮಾತುಗಳಿಂದ ನೊಂದ ಮಕ್ಕಳು ಇದ್ದಾರೆ, ಸ್ವಾಮಿ. ನಮ್ಮನ್ನು ಕ್ಷಮಿಸಿರಿ, ಆ ಮಾತುಗಳನ್ನು ಅವರ ಎದೆಯಿಂದ ತೆಗೆದುಹಾಕಿರಿ. ಇವತ್ತು ರಾತ್ರಿ ಅಪ್ಪನ ಶರ್ಟ್ ಹಿಡ್ಕೊಂಡು ಮಲಗೋ ಮಗುವಿನ ಹತ್ತಿರ ನೀವೇ ಇರಿ. ಲೆಕ್ಕ ಹಾಕ್ತಾ ನಿದ್ದೆ ಬಾರದ ತಾಯಂದಿರ ಹತ್ತಿರ ಇರಿ. ಈ ಕೊಠಡಿಯಲ್ಲೇ ಚಿಕ್ಕಂದಿನಲ್ಲಿ ಅಪ್ಪನನ್ನೋ ಅಮ್ಮನನ್ನೋ ಕಳ್ಕೊಂಡು, ಯಾರ ಹತ್ತಿರವೂ ಅಳದೆ ದೊಡ್ಡವರಾದವರು ಇದ್ದಾರೆ. ಅವರು ಇವತ್ತು ಅಳಲಿ, ನೀವು ಒರೆಸಿರಿ. ಎಣ್ಣೆ ನಿಮ್ಮದು, ಕರ್ತನೇ. ನಮ್ಮ ಖಾಲಿ ಪಾತ್ರೆಗಳನ್ನು ತಂದಿದ್ದೇವೆ. ಕಣ್ಣೀರೇ ಇಲ್ಲದ ಆ ದಿನ ಬರುವ ತನಕ, ಆ ಮನೆಗಳ ಬಾಗಿಲು ತಟ್ಟುವ ಕಾಲುಗಳನ್ನು ನಮಗೆ ಕೊಡಿರಿ. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ, ಆಮೆನ್.